ಕೆರೆಯಂಗಳದ ಬಲೆ: ಅರಣ್ಯ ಇಲಾಖೆಗೆ ದೂರು ಕೊಟ್ಟ ಅನುಭವ

ಕಳೆದ ವಾರ ಅರಣ್ಯ ಇಲಾಖೆಯ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಯಲ್ಲಿ ನನ್ನ ಸಾಕ್ಷಿ ಹೇಳಿಕೆ ಮುಗಿಯಿತು. ಇನ್ನು ಕೋರ್ಟಿನಿಂದ ಸಮನ್ಸ್ ಬಂದರೆ ಹೋಗಬೇಕು, ಅಷ್ಟೇ. ಹಕ್ಕಿ ಹಿಡಿಯುವವರ ಮೇಲೆ, ಉರುಳು ಹಾಕುವವರ ಮೇಲೆ ದೂರು ಕೊಡುವುದು ಹೇಗೆ ಅಂತ ಈ ಮಧ್ಯೆ ಬಹಳ ಜನ ಕೇಳಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಬರೆದುಬಿಡೋಣ ಅನ್ನಿಸಿತು. ಕೆರೆಯ ಹೆಸರು ಹೇಳುವುದಿಲ್ಲ. ಕೇಸು ಇನ್ನೂ ನಡೆಯುತ್ತಿದೆ. ಅದೂ ಅಲ್ಲದೆ ಇಂಥ ಕಡೆ ಮಾಂಸಕ್ಕಾಗಿ ಹಿಡಿಯುವ ಗೌಜಲಕ್ಕಿ ಜಾಸ್ತಿ ಇದೆ ಅಂತ ಊರಿಗೆಲ್ಲ ಸಾರಿದರೆ ಬಲೆ ಹಾಕುವವರಿಗೆ ನಾನೇ ದಾರಿ ತೋರಿಸಿದ ಹಾಗಾಗುತ್ತದೆ. ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ಕಡೆ ಅಂತ ಇಟ್ಟುಕೊಳ್ಳಿ.

ರಜೆಯ ದಿನ ಬೆಳಗ್ಗೆ ಬೈನಾಕ್ಯುಲರ್ ಹಿಡಿದು ಹೊರಡುವುದು ನನ್ನ ಹಳೇ ಅಭ್ಯಾಸ. ಬೇಸಿಗೆ ಹತ್ತಿರವಾದಂತೆ ಈ ಕೆರೆಯ ನೀರು ಹಿಂದಕ್ಕೆ ಸರಿದು ಅಂಗಳದಲ್ಲಿ ಹುಲ್ಲು, ಜಾಲಿ, ಲಂಟಾನ ಬೆಳೆದುಕೊಳ್ಳುತ್ತದೆ. ಅವತ್ತು ಪೊದೆಗಳ ನಡುವಿನಿಂದ ಗೌಜಲಕ್ಕಿ ಕೂಗುತ್ತಿತ್ತು. ಒಂದೇ ಜಾಗದಿಂದ, ಒಂಚೂರೂ ಬಿಡುವು ಕೊಡದೆ. ಹತ್ತಿರ ಹೋಗಿ ನೋಡಿದರೆ ಅರ್ಧ ಬಟ್ಟೆ ಮುಚ್ಚಿದ ಸಣ್ಣ ಪಂಜರ, ಒಳಗೊಂದು ಗಂಡು ಹಕ್ಕಿ. ಅದರ ಸುತ್ತ ಬಿದಿರು ಕಡ್ಡಿಗಳಿಗೆ ಕಟ್ಟಿದ ತೆಳ್ಳನೆಯ ನೈಲಾನ್ ಬಲೆ. ಮೊಣಕಾಲೆತ್ತರವೂ ಇರಲಿಲ್ಲ. ತನ್ನ ಜಾಗಕ್ಕೆ ಯಾವನೋ ಬಂದು ಕೂಗುತ್ತಿದ್ದಾನೆ ಅಂತ ಜಗಳಕ್ಕೆ ಓಡಿ ಬರುವ ಗಂಡು ಹಕ್ಕಿ ನೇರವಾಗಿ ಬಲೆಗೆ ಬೀಳುತ್ತದೆ. ಒಂದು ಆಗಲೇ ಬಿದ್ದಿತ್ತು. ರೆಕ್ಕೆ ಸಿಕ್ಕಿಕೊಂಡು, ಕೊಕ್ಕು ತೆರೆದು ಒದ್ದಾಡುತ್ತಿತ್ತು.

ಬಲೆ ಕತ್ತರಿಸಿ ಬಿಟ್ಟುಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ನನ್ನ ಬ್ಯಾಗಿನಲ್ಲಿ ಚಾಕುವೂ ಇತ್ತು. ಆದರೆ ಬಲೆ ಹಾಕಿದವನು ಅಲ್ಲೇ ಎಲ್ಲೋ ಇರುತ್ತಾನೆ, ನಾನು ಒಬ್ಬಳೇ ಇದ್ದೆ. ಮೊದಲು ದೂರದಿಂದ ವಿಡಿಯೊ ಮಾಡಿದೆ. ಕೆರೆ ಏರಿ, ಹಿಂದಿನ ಹೈಟೆನ್ಷನ್ ಕಂಬ, ಬಲೆ, ಮೂರೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ. ಆಮೇಲೆ ಹತ್ತಿರದಿಂದ ಒಂದು. ಏರಿ ಮೇಲೆ ಬಂದು ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದೆ.

ಈ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಕರ್ನಾಟಕದ ಯಾವ ಮೂಲೆಯಿಂದಲಾದರೂ ಕರೆ ಮಾಡಬಹುದು. ಫೋನ್ ತೆಗೆದವರು ಸಮಾಧಾನವಾಗಿ ಕೇಳಿಸಿಕೊಂಡರು. ‘ಬಲೆ ಮುಟ್ಟಬೇಡಿ ಮೇಡಂ, ಅವರ ಜೊತೆ ಮಾತಿಗೂ ಹೋಗಬೇಡಿ’ ಅಂದರು. ತಾಲ್ಲೂಕು ಯಾವುದು, ಹೋಬಳಿ ಯಾವುದು, ಗ್ರಾಮ ಯಾವುದು ಅಂತ ಕೇಳಿದರು. ಅಲ್ಲಿ ನಾನು ತಡವರಿಸಿದೆ. ಇಂಥ ಲೇಔಟ್ ದಾಟಿ, ಪೆಟ್ರೋಲ್ ಬಂಕ್ ಪಕ್ಕದ ಮಣ್ಣು ರಸ್ತೆ ಅಂತ ಗುರುತು ಹೇಳಬಲ್ಲೆ. ಹೋಬಳಿ ಯಾರಿಗೆ ಗೊತ್ತಿರುತ್ತದೆ, ಅಲ್ವಾ? ಮ್ಯಾಪಿನ ಲೊಕೇಶನ್ ಕಳಿಸಬಹುದು, ಆದರೆ ಇಲಾಖೆಯ ವಲಯ, ಶಾಖೆ, ಗಸ್ತು ಎಲ್ಲ ಹಂಚಿಕೆಯಾಗಿರುವುದು ಗ್ರಾಮಗಳ ಲೆಕ್ಕದಲ್ಲಿ. ಗ್ರಾಮದ ಹೆಸರು ಗೊತ್ತಾಗದೆ ಯಾರನ್ನು ಕಳಿಸಬೇಕು ಅಂತ ತೀರ್ಮಾನವಾಗುವುದಿಲ್ಲ.

ಸ್ವಲ್ಪ ಹೊತ್ತಿಗೆ ಸ್ಥಳೀಯ ಸಿಬ್ಬಂದಿಯೊಬ್ಬರ ಕರೆ ಬಂತು. ‘ಮೇಡಂ, ಅದು ಕೆರೆ ಅಂಗಳ. ಫಾರೆಸ್ಟ್ ಜಾಗ ಅಲ್ಲ. ಪೊಲೀಸರಿಗೆ ಹೇಳಿ.’ ಪೊಲೀಸ್ ಠಾಣೆಗೆ ಫೋನ್ ಮಾಡಿದರೆ, ‘ಹಕ್ಕಿ ವಿಷಯ ಅಲ್ವಾ, ಫಾರೆಸ್ಟ್‌ನವರಿಗೆ ಹೇಳಿ.’ ಈ ಚೆಂಡಾಟ ನಡೆಯುವಾಗಲೇ ಮೊಪೆಡ್‌ನಲ್ಲಿ ಒಬ್ಬ ಬಂದ. ಬಲೆ ಸುತ್ತಿ, ಪಂಜರ ಚೀಲಕ್ಕೆ ಹಾಕಿ, ಬಿದ್ದ ಹಕ್ಕಿಯ ಕಾಲು ಕಟ್ಟಿ ಹೊರಟೇಬಿಟ್ಟ. ಏರಿ ಮೇಲೆ ನಿಂತು ಅದನ್ನೂ ವಿಡಿಯೊ ಮಾಡಿದೆ. ಮುಖ ಸ್ಪಷ್ಟವಾಗಿ ಬರಲಿಲ್ಲ, ಗಾಡಿಯ ನಂಬರ್ ಅರ್ಧ ಬಂತು. ಬೈನಾಕ್ಯುಲರ್‌ನಲ್ಲಿ ನೋಡಿದಾಗ ಹಕ್ಕಿ ಇನ್ನೂ ಒದೆಯುತ್ತಿತ್ತು. ಮನೆಗೆ ಬಂದು ತಿಂಡಿ ತಿನ್ನಲಾಗಲಿಲ್ಲ.

ಈ ‘ನಮ್ಮ ಜಾಗ ಅಲ್ಲ’ ಎನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಬೆಂಗಳೂರಿನಲ್ಲಿ ದೂರು ಕೊಡುವ ಎಲ್ಲರಿಗೂ ಇದು ಎದುರಾಗುತ್ತದೆ. ಇಲ್ಲಿ ಕೆರೆಯೊಂದು ಪಾಲಿಕೆಯದ್ದಾದರೆ ಪಕ್ಕದ್ದು ಬಿಡಿಎಯದ್ದು, ಅದರಾಚೆಯದು ಸಣ್ಣ ನೀರಾವರಿ ಇಲಾಖೆಯದ್ದು. ಹೆಸರಘಟ್ಟದ ಹುಲ್ಲುಗಾವಲನ್ನೇ ತೆಗೆದುಕೊಳ್ಳಿ, ಅದರ ಬಹುಪಾಲು ಪಶುಸಂಗೋಪನೆ ಇಲಾಖೆಯ ಸುಪರ್ದಿಯಲ್ಲಿತ್ತು. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಕಾಡಿಗಷ್ಟೇ ಸೀಮಿತವಲ್ಲ. ಕೆರೆಯಂಗಳ, ಗೋಮಾಳ, ಖಾಸಗಿ ತೋಟ, ಅಪಾರ್ಟ್‌ಮೆಂಟಿನ ಹಿತ್ತಲು, ಎಲ್ಲಿ ಬೇಟೆಯಾಡಿದರೂ ಅದು ಅಪರಾಧವೇ. ಕಾಯ್ದೆಯ 39ನೇ ಕಲಂ ಪ್ರಕಾರ ಬೇಟೆಗೆ ಸಿಕ್ಕಿದ ಪ್ರಾಣಿ ಸರ್ಕಾರದ ಸ್ವತ್ತು. 50ನೇ ಕಲಂ ಪ್ರಕಾರ ಅರಣ್ಯಾಧಿಕಾರಿಗಳಷ್ಟೇ ಅಲ್ಲ, ಸಬ್ ಇನ್‌ಸ್ಪೆಕ್ಟರ್ ಮತ್ತು ಅದಕ್ಕಿಂತ ಮೇಲಿನ ಪೊಲೀಸ್ ಅಧಿಕಾರಿಗಳೂ ತಪಾಸಣೆ ಮಾಡಬಹುದು, ಜಪ್ತಿ ಮಾಡಬಹುದು, ಹಿಡಿಯಬಹುದು. ಅಂದರೆ ನನಗೆ ‘ಅವರಿಗೆ ಹೇಳಿ’ ಅಂದ ಎರಡೂ ಇಲಾಖೆಗೆ ಅಧಿಕಾರ ಇತ್ತು.

ಇನ್ನೊಂದು ಮಾತು ಕೇಳಿಬರುತ್ತದೆ: ‘ಹಕ್ಕಿ ಸಿಕ್ಕಿಲ್ಲವಲ್ಲ, ಬರೀ ಬಲೆ ತಾನೇ?’ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಉರುಳು ಹಾಕುವುದು, ಬಲೆಯಲ್ಲಿ ಹಿಡಿಯುವುದು, ವಿಷ ಇಡುವುದು, ಗೂಡು ಕೀಳುವುದು, ಮೊಟ್ಟೆ ಒಡೆಯುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಗೌಜಲಕ್ಕಿ, ಬುರ್ಲಿ, ಗಿಳಿ, ರಾಟವಾಳ ಎಲ್ಲ ಕಾಯ್ದೆಯ ರಕ್ಷಣೆಯಲ್ಲಿವೆ. ಶಿವಾಜಿನಗರದ ಕಡೆಯಿಂದ ಗಿಳಿ ತಂದು ಸಾಕುವವರಿಗೂ ಇದು ಗೊತ್ತಿರಲಿ.

ಸೋಮವಾರ ಅರ್ಧ ದಿನ ರಜೆ ಹಾಕಿ ದೂರು ಬರೆಯಲು ಕೂತೆ. ಇಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ದಿಶಾಂಕ್ ಆ್ಯಪ್. ಸೈಟು, ಜಮೀನು ತೆಗೆದುಕೊಳ್ಳುವವರು ಬಳಸುವ ಸರ್ಕಾರಿ ಆ್ಯಪ್ ಅದು. ಜಾಗದಲ್ಲಿ ನಿಂತು ತೆರೆದರೆ, ಇಲ್ಲವೇ ಮ್ಯಾಪಿನಲ್ಲಿ ಆ ಜಾಗ ಒತ್ತಿದರೆ, ಸರ್ವೆ ನಂಬರ್, ಗ್ರಾಮ, ಹೋಬಳಿ, ತಾಲ್ಲೂಕು ಎಲ್ಲ ಹೇಳುತ್ತದೆ. ಅದನ್ನು ಹಾಗೇ ದೂರಿನಲ್ಲಿ ಬರೆದೆ. ಇಷ್ಟು ಮಾಡಿದ ಮೇಲೆ ಒಬ್ಬರೂ ‘ಅದು ಎಲ್ಲಿ ಬರುತ್ತೆ ಮೇಡಂ?’ ಅಂತ ಕೇಳಲಿಲ್ಲ. ಗ್ರಾಮ ಗೊತ್ತಾದರೆ ವಲಯ ಯಾವುದು ಅಂತ ಅವರೇ ಹೇಳುತ್ತಾರೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವವರು ಮಾತ್ರ ಸ್ವಲ್ಪ ಗಮನಿಸಿ. ಉದ್ಯಾನದ್ದು ಬೇರೆ ವಿಭಾಗ, ಬೇರೆ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ). ಬೆಂಗಳೂರು ನಗರ ವಿಭಾಗಕ್ಕೆ ಬರೆದರೆ ಪತ್ರ ಸುತ್ತು ಹೊಡೆಯುತ್ತದೆ.

ದೂರು ಒಂದು ಪುಟ ಸಾಕು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಏನು ಕಂಡಿರಿ, ಯಾರು ಕಂಡರು, ಏನು ಸಾಕ್ಷಿ ಇದೆ, 1926ಕ್ಕೆ ಎಷ್ಟು ಹೊತ್ತಿಗೆ ಕರೆ ಮಾಡಿದಿರಿ. ನನ್ನ ಮೊದಲ ಕರಡಿನಲ್ಲಿ ಪ್ರಕೃತಿ ವಿನಾಶದ ಬಗ್ಗೆ ಎರಡು ಪ್ಯಾರಾ ಇತ್ತು. ನಮ್ಮನೆಯವರು ಓದಿ, ‘ಇದನ್ನೆಲ್ಲ ತೆಗಿ, ಅವರಿಗೆ ಗಾಡಿ ನಂಬರ್ ಬೇಕು’ ಅಂದರು. ಸರಿಯಾಗೇ ಹೇಳಿದರು. ವಲಯ ಅರಣ್ಯಾಧಿಕಾರಿಗೆ ಬರೆದು, ಡಿಸಿಎಫ್‌ಗೆ ಪ್ರತಿ ಹಾಕಿದೆ. ಎರಡು ಪ್ರತಿ ತೆಗೆದುಕೊಂಡು ಕಚೇರಿಗೆ ಹೋಗಿ, ಒಂದನ್ನು ಅಲ್ಲಿನ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೆ. ಟಪಾಲಿನವರು ಊಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಕಾದೆ. ‘ಸುಮ್ನೆ ಇಟ್ಟು ಹೋಗಿ, ಕೊಡ್ತೀವಿ’ ಅಂದರು. ಇಟ್ಟು ಹೋಗಬೇಡಿ. ಸೀಲು ಇಲ್ಲದ ಪತ್ರ ಕೊಟ್ಟ ಹಾಗೇ ಅಲ್ಲ.

ಅವತ್ತು ರಾತ್ರಿ ಮನೆಯಲ್ಲಿ ಸಣ್ಣ ಪಂಚಾಯಿತಿ. ‘ನಿನಗ್ಯಾಕಮ್ಮ ಬೇಕಿತ್ತು? ಅವರು ಮನೆ ಹುಡುಕಿಕೊಂಡು ಬಂದ್ರೆ?’ ಅಂದರು ಅತ್ತೆ. ಅವರ ಭಯ ಸುಳ್ಳಲ್ಲ. ನನಗೂ ನಿದ್ದೆ ಬರಲಿಲ್ಲ. ಇದರಲ್ಲಿ ಎರಡು ದಾರಿ ಇವೆ, ದೂರು ಕೊಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಬರೀ ಮಾಹಿತಿ ಕೊಡುವುದಾದರೆ ಹೆಸರು ಗುಟ್ಟಾಗಿ ಇಡಿ ಅಂತ ಕೇಳಬಹುದು. ಅದನ್ನು ಇಟ್ಟುಕೊಂಡು ಅವರೇ ಗಸ್ತು ಹೋಗಿ ಹಿಡಿದರೆ ನಿಮ್ಮ ಹೆಸರು ಬರಲೇಬೇಕಿಲ್ಲ. ಆದರೆ ನಿಮ್ಮ ವಿಡಿಯೊ ಸಾಕ್ಷಿಯಾಗಬೇಕು ಅಂದರೆ ನೀವು ಸಾಕ್ಷಿದಾರರು, ಹೆಸರು ದಾಖಲೆಯಲ್ಲಿ ಬರುತ್ತದೆ, ಆರೋಪಿಯ ವಕೀಲರಿಗೂ ಕಾಣುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ. ನಾನು ಎರಡನೆಯದನ್ನು ಆರಿಸಿಕೊಂಡೆ. ಮನೆ ವಿಳಾಸದ ಬದಲು ಆಫೀಸಿನ ವಿಳಾಸ ಕೊಟ್ಟೆ.

ಆಮೇಲೆ ಬರೀ ಮೌನ. ವಾರಗಟ್ಟಲೆ ಒಂದು ಫೋನೂ ಬರಲಿಲ್ಲ. ಕೇಳಿದರೆ ‘ಸಾಹೇಬ್ರು ಫೀಲ್ಡಲ್ಲಿದ್ದಾರೆ’. ಕೊನೆಗೆ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಸೀಲು ಹಾಕಿಸಿಕೊಂಡ ದಿನಾಂಕ ಹೇಳಿದೆ. ದೂರಿಗೊಂದು ನಂಬರ್ ಸಿಕ್ಕಿತು. ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, ‘ನನ್ನ ದೂರಿನ ಮೇಲೆ ತೆಗೆದುಕೊಂಡ ಕ್ರಮ ಏನು’ ಅಂತ ಕೇಳುವ ಅರ್ಜಿಯನ್ನೂ ಬರೆದಿಟ್ಟುಕೊಂಡಿದ್ದೆ. ಅದನ್ನು ಹಾಕುವ ಅಗತ್ಯ ಬರಲಿಲ್ಲ. ವಲಯಕ್ಕೆ ಹೊಸದಾಗಿ ಬಂದಿದ್ದ ಅಧಿಕಾರಿ ಮೇಡಂ ಅವರೇ ಫೋನ್ ಮಾಡಿ, ‘ನಾಳೆ ಬೆಳಗ್ಗೆ ಜಾಗ ತೋರಿಸ್ತೀರಾ?’ ಅಂದರು.

ಮೂವರು ಸಿಬ್ಬಂದಿ, ಒಂದು ಜೀಪು. ಜೀಪನ್ನು ಊರಿನ ಆಚೆಯೇ ನಿಲ್ಲಿಸಿ ನಡೆದು ಹೋದೆವು. ಕೆರೆಯ ಮೀನು ಟೆಂಡರ್ ಹಿಡಿದವರ ಕಡೆಯ ಕಾವಲುಗಾರ ತಾತ ಏರಿ ಮೇಲೆ ಬೀಡಿ ಸೇದುತ್ತ ಕೂತಿದ್ದರು. ಸಮವಸ್ತ್ರ ನೋಡಿ ಮೊದಲು ಬಾಯಿ ಬಿಡಲಿಲ್ಲ. ನಾನು ಪಕ್ಕದಲ್ಲಿ ಕೂತು, ‘ತಾತ, ಹಕ್ಕಿ ಬಲೆ ಯಾವತ್ತು ಹಾಕ್ತಾರೆ?’ ಅಂದೆ. ಅವರು ನನ್ನನ್ನೇ ದಬಾಯಿಸಿದರು.

‘ಅಲ್ಲಕಣವ್ವ, ಹಕ್ಕಿಗಾದ್ರೆ ಜೀಪು ಬರುತ್ತೆ. ರಾತ್ರಿ ತೋಟಾ ಹಾಕಿ ಮೀನು ಹೊಡೀತಾರಲ್ಲ, ಮರಿಮೀನೆಲ್ಲ ತೇಲ್ತವೆ, ಅದುನ್ ಕೇಳೋರು ಯಾರು?’

ನ್ಯಾಯವಾದ ಪ್ರಶ್ನೆ. ಆಮೇಲೆ ವಿಚಾರಿಸಿದೆ. ಕೆರೆಯಲ್ಲಿ ಸ್ಫೋಟಕ ಹಾಕಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದಕ್ಕೆ ಕರ್ನಾಟಕದಲ್ಲಿ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯಡಿ ನಿಷೇಧ ಇದೆ. ಅದರ ದೂರು ಹೋಗಬೇಕಾದ್ದು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೆ. ಸ್ಫೋಟಕ ಇದ್ದರೆ ತಕ್ಷಣ 112ಕ್ಕೂ ಹೇಳಬೇಕು, ಏಕೆಂದರೆ ತೋಟಾ ಇಟ್ಟುಕೊಳ್ಳುವುದೇ ಪೊಲೀಸ್ ಕೇಸು. ಎರಡನ್ನೂ ಒಂದೇ ಪತ್ರದಲ್ಲಿ ಬರೆದರೆ ಎರಡೂ ಇಲಾಖೆ ಕೈತೊಳೆದುಕೊಳ್ಳುತ್ತವೆ. ಬೇರೆ ಬೇರೆ ಬರೆಯಿರಿ. ತಾತನಿಂದ ಹೆಬ್ಬೆಟ್ಟು ಹಾಕಿಸಿ ಆ ದೂರನ್ನೂ ಕೊಟ್ಟು ಬಂದೆ. ಅದರ ಕಥೆ ಇನ್ನೂ ಮುಗಿದಿಲ್ಲ.

ಬೇಟೆಯವರು ಬರುವ ದಿನ ಹೇಳಿದ್ದು ತಾತನೇ. ಸಂತೆಯ ಹಿಂದಿನ ದಿನ ನಸುಕಿನಲ್ಲಿ, ಡಾಬಾದವರು ಆರ್ಡರ್ ಕೊಟ್ಟರೆ. ಆ ದಿನ ನಾನು ಹೋಗಲಿಲ್ಲ, ಹೋಗಬಾರದು ಅಂತ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಸಿಬ್ಬಂದಿ ಕತ್ತಲಲ್ಲೇ ಹೋಗಿ ಪೊದೆಯಲ್ಲಿ ಕಾದು, ಇಬ್ಬರನ್ನು ಬಲೆ, ಪಂಜರ, ಜೀವಂತ ಗೌಜಲಕ್ಕಿಗಳ ಸಮೇತ ಹಿಡಿದರು. ಮೊಪೆಡ್ ಕೂಡ ಜಪ್ತಿಯಾಯಿತು. ನನ್ನ ವಿಡಿಯೊದಲ್ಲಿದ್ದ ಅರ್ಧ ನಂಬರಿಗೆ ಅದು ತಾಳೆಯಾಯಿತು. ಪಂಚರ ಎದುರು ಮಹಜರು, ಅರಣ್ಯ ಅಪರಾಧ ಮೊಕದ್ದಮೆ ದಾಖಲು, ಮ್ಯಾಜಿಸ್ಟ್ರೇಟರ ಮುಂದೆ ಹಾಜರು. ಹಕ್ಕಿಗಳೂ ಕೇಸಿನ ಸ್ವತ್ತು ತಾನೇ, ಹಾಗಾಗಿ ಬಿಡುಗಡೆಗೂ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಅನುಮತಿ ಸಿಕ್ಕ ಮೇಲೆ ಚೆನ್ನಾಗಿದ್ದವನ್ನು ಬಿಟ್ಟರು. ರೆಕ್ಕೆ ಮುರಿದಿದ್ದ ಒಂದನ್ನು ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಗೆ ಕಳಿಸಿದರು.

ನೀವೇ ಗಾಯಗೊಂಡ ಹಕ್ಕಿಯನ್ನು ಎತ್ತಿಕೊಂಡರೆ ಒಂದು ಗಮನದಲ್ಲಿರಲಿ. ಮನೆಯಲ್ಲಿಟ್ಟುಕೊಂಡು ಸಾಕುವ ಹಾಗಿಲ್ಲ. 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆಗ ಬಂತು ವಿಡಿಯೊ ತಾಪತ್ರಯ. ದೂರಿನ ಜೊತೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಸಾಲುವುದಿಲ್ಲವಂತೆ. ಕಳಿಸುವಾಗ ಫೈಲ್ ಸಣ್ಣದಾಗುತ್ತದೆ, ತೆಗೆದ ದಿನ, ಸಮಯ, ಜಾಗದ ಮಾಹಿತಿ ಕಳೆದುಹೋಗುತ್ತದೆ. ಫೋನಿನಲ್ಲಿರುವ ಮೂಲ ಫೈಲೇ ಬೇಕು. ಅದರ ಜೊತೆ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೆ ಎರಡು ಭಾಗ. ‘ಎ’ ಭಾಗಕ್ಕೆ ವಿಡಿಯೊ ಕೊಡುವವರು ಸಹಿ ಹಾಕಬೇಕು, ‘ಬಿ’ ಭಾಗಕ್ಕೆ ತಜ್ಞರು. ಫೈಲಿನ ಹ್ಯಾಶ್ ಮೌಲ್ಯ ಅಂತ ಉದ್ದನೆಯ ಅಕ್ಷರ-ಅಂಕಿಗಳ ಸಾಲೊಂದನ್ನು ಅದರಲ್ಲಿ ಬರೆಯಬೇಕು. ಫೈಲ್ ಒಂಚೂರು ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಹಳೇ ಕೇಸುಗಳಲ್ಲಿ ಕೇಳುತ್ತಿದ್ದ ‘65ಬಿ ಸರ್ಟಿಫಿಕೇಟ್’ ಜಾಗಕ್ಕೆ ಈಗ ಇದು ಬಂದಿದೆ.

ಫೋನನ್ನೇ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೇನೋ ಅಂತ ನನಗೆ ದಿಗಿಲು. ಬ್ಯಾಂಕು, ಆಫೀಸು, ಮಗಳ ಸ್ಕೂಲು ಎಲ್ಲ ಅದರಲ್ಲೇ ಇದೆ. ಹಾಗಾಗಲಿಲ್ಲ. ನನ್ನೆದುರೇ ಫೈಲನ್ನು ಹೊಸ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಹ್ಯಾಶ್ ತೆಗೆದು, ನನ್ನ ಸಹಿ ಪಡೆದು, ಲಕೋಟೆಗೆ ಅರಗು ಮುದ್ರೆ ಹಾಕಿದರು. ತಜ್ಞರ ಭಾಗವನ್ನು ಇಲಾಖೆಯವರೇ ಮಾಡಿಸಿಕೊಂಡರು. ಪೆನ್‌ಡ್ರೈವ್ ನನ್ನ ದುಡ್ಡಿನದ್ದು. ಅದು, ಜೆರಾಕ್ಸು, ಆಟೋ ಎಲ್ಲ ಸೇರಿ ಸಾವಿರದೈನೂರು ದಾಟಿರಬಹುದು. ದುಡ್ಡಿಗಿಂತ ರಜೆ ಜಾಸ್ತಿ ಖರ್ಚಾಯಿತು. ಇಲಾಖೆಗೆ ಕಟ್ಟಬೇಕಾದ ಶುಲ್ಕ ಅಂತ ಒಂದು ಪೈಸೆಯೂ ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ.

ಹೇಳಿಕೆ ಕೊಡಲು ಎಸಿಎಫ್ ಕಚೇರಿಗೇ ಯಾಕೆ ಅಂದರೆ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಮೇಲಿನವರು ಬರೆದುಕೊಂಡ ಹೇಳಿಕೆಗೆ ಕೋರ್ಟಿನಲ್ಲಿ ಸಾಕ್ಷ್ಯದ ಬೆಲೆ ಇದೆ. ಆದರೆ ಅದನ್ನು ಆರೋಪಿಯ ಎದುರು ಬರೆದುಕೊಂಡಿರಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಕೋಣೆಗೆ ಕಾಲಿಟ್ಟರೆ ಎದುರಿನ ಬೆಂಚಿನಲ್ಲಿ ಅವರಿಬ್ಬರೂ ಕೂತಿದ್ದರು. ಕೈ ತಣ್ಣಗಾಯಿತು. ಒಬ್ಬ ಇಪ್ಪತ್ತು ದಾಟಿರದ ಹುಡುಗ. ಚಪ್ಪಲಿ ಕಿತ್ತುಹೋಗಿತ್ತು. ‘ಅಕ್ಕಾ, ಜೋಡಿಗೆ ಇಷ್ಟು ಅಂತ ಕೊಡ್ತಾರೆ, ಅದಕ್ಕೇ ಹಿಡಿದ್ವಿ’ ಅಂದ. ಕಚೇರಿಯವರು ಸುಮ್ಮನಿರಿಸಿದರು. ನಾನು ಕಂಡಿದ್ದನ್ನಷ್ಟೇ ಹೇಳಿದೆ. ಮುಖ ನೋಡಿದೆಯಾ ಅಂದಾಗ ಇಲ್ಲ ಅಂದೆ. ನೋಡಿಲ್ಲದ್ದನ್ನು ನೋಡಿದೆ ಅನ್ನಬೇಡಿ, ಕೋರ್ಟಿನಲ್ಲಿ ಇಡೀ ಸಾಕ್ಷ್ಯ ಬಿದ್ದುಹೋಗುತ್ತದೆ. ಹೇಳಿಕೆಯನ್ನು ಪೂರ್ತಿ ಓದಿಯೇ ಸಹಿ ಹಾಕಿ. ನನ್ನದರಲ್ಲಿ ‘ಬೆಳಗ್ಗೆ’ ಇದ್ದಿದ್ದು ‘ಸಂಜೆ’ ಅಂತ ಟೈಪಾಗಿತ್ತು. ತಿದ್ದಿಸಿ, ತಿದ್ದಿದ ಜಾಗಕ್ಕೂ ಸಹಿ ಮಾಡಿಸಿದೆ.

ಆ ಹುಡುಗನ ಮೇಲೆ ನನಗೆ ಸಿಟ್ಟು ಉಳಿದಿಲ್ಲ. ಪ್ಲೇಟಿಗೆ ಇಷ್ಟು ಅಂತ ಮಾರುವ ಡಾಬಾದ ಮಾಲೀಕನ ಹೆಸರು ಇನ್ನೂ ಕೇಸಿಗೆ ಬಂದಿಲ್ಲ, ಸಿಟ್ಟು ಇರುವುದು ಅದಕ್ಕೆ. ಹಿಡಿಯುವವರ ಜಾತಿ, ಹಾಡಿ ಹಿಡಿದು ಬೈಯುವವರು ನಮ್ಮಲ್ಲಿ ಬಹಳ. ತಿನ್ನುವವರು ಕಾರಿನಲ್ಲಿ ಬರುತ್ತಾರೆ. ಕಾಡುಹಕ್ಕಿಯ ಮಾಂಸ ಮಾರುವುದೂ, ಕೊಳ್ಳುವುದೂ ಅಪರಾಧ. ಹೋಟೆಲಿನಲ್ಲಿ ‘ಗೌಜು ಸಿಗುತ್ತೆ ಸರ್’ ಅಂತ ಯಾರಾದರೂ ಪಿಸುಗುಟ್ಟಿದರೆ ಅದಕ್ಕೂ 1926ಕ್ಕೆ ಕರೆ ಮಾಡಬಹುದು. ಮಾರಾಟದ ಜಾಲದ ಸುಳಿವಿದ್ದರೆ ಪೊಲೀಸ್ ಇಲಾಖೆಯ ಸಿಐಡಿ ಅರಣ್ಯ ಘಟಕ ಇದೆ. ಡಾಬಾದ ಬಗ್ಗೆ ತಾತ ಹೇಳಿದ್ದನ್ನು ನಾನು ಅಲ್ಲಿಗೇ ಬರೆದು ಕೊಟ್ಟಿದ್ದೇನೆ.

ಈ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ದಂಡದ ಮೊತ್ತ 25 ಸಾವಿರದಿಂದ ಇಲ್ಲಿಗೆ ಏರಿದ್ದು 2022ರ ತಿದ್ದುಪಡಿಯಲ್ಲಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗಿನ ಬೇಟೆಗಾದರೆ ಶಿಕ್ಷೆ ಇನ್ನೂ ಜಾಸ್ತಿ. ವಿಚಾರಣೆ ಶುರುವಾಗಲು ಎಷ್ಟು ಕಾಲ ಹಿಡಿಯುತ್ತದೋ, ವಕೀಲ ಗೆಳತಿ ‘ವರ್ಷಗಳ ಲೆಕ್ಕದಲ್ಲಿ ಯೋಚಿಸು’ ಅಂದಿದ್ದಾಳೆ. ಇಲಾಖೆ ಕೇಸನ್ನೇ ಹಾಕದಿದ್ದರೆ ಕಾಯ್ದೆಯ 55ನೇ ಕಲಂನಲ್ಲಿ ನಮಗೂ ಒಂದು ದಾರಿ ಇದೆ. 60 ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ನೇರವಾಗಿ ಕೋರ್ಟಿಗೆ ದೂರು ಕೊಡಬಹುದು. ನನಗೆ ಅದು ಬೇಕಾಗಲಿಲ್ಲ.

ಸಮನ್ಸ್ ಬರುವವರೆಗೆ ಮಾಡಬೇಕಾದ್ದು ಇಷ್ಟು: ಫೋನ್ ನಂಬರ್ ಬದಲಾಯಿಸಬಾರದು, ಆಫೀಸ್ ಬಿಟ್ಟರೆ ಹೊಸ ವಿಳಾಸ ವಲಯ ಕಚೇರಿಗೆ ಬರೆದು ತಿಳಿಸಬೇಕು, ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬಾರದು. ವಿಡಿಯೊದ ಮೂಲ ಫೈಲ್ ಅದರಲ್ಲೇ ಇರಬೇಕು. ಮೊಕದ್ದಮೆ ನಂಬರನ್ನು ದೂರಿನ ಸೀಲು ಹಾಕಿದ ಪ್ರತಿಯ ಹಿಂದೆ ಬರೆದು, ಮನೆಯ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ.